ಕಾಡುಹಂದಿ ಕಾಟ: ಯಾವ ಆಯುಧ ಸರಿ, ಯಾವುದು ನಿಮ್ಮ ಹಸುವನ್ನೇ ಕೊಲ್ಲುತ್ತದೆ?



ಮುಸುಕಿನ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಭತ್ತದ ತೆನೆ ಬಗ್ಗುವ ಹೊತ್ತಿಗೆ ನಮ್ಮ ಮಹಿಳಾ ಸಂಘಗಳ ಸಭೆಯಲ್ಲಿ ಹಂದಿಯ ಮಾತು ಬಂದೇ ಬರುತ್ತದೆ. ಹಾಲಿನ ದರ, ಪಶು ಆಹಾರದ ಚೀಲದ ಬೆಲೆ ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಕೇಳುತ್ತಾರೆ: "ಡಾಕ್ಟ್ರೇ, ಹಂದಿಗೆ ಏನು ಮಾಡೋದು? ಉಂಡೆ ಇಡೋದಾ, ಉರುಳು ಹಾಕೋದಾ, ಕೋವಿಯವರನ್ನ ಕರೆಸೋದಾ?"

ಈ ಪ್ರಶ್ನೆಯನ್ನು ಅರಣ್ಯ ಇಲಾಖೆಯವರಿಗೆ ಕೇಳಿ ಎಂದು ಹೇಳಿ ನಾನು ಸುಮ್ಮನಾಗಬಹುದು. ಆದರೆ ಹಂದಿಗೆ ಇಟ್ಟ ಉಂಡೆ ತಿಂದ ಹಸು ಬರುವುದು ನಮ್ಮ ಬಳಿಗೆ. ಉರುಳಿಗೆ ಸಿಕ್ಕಿ ಕಾಲು ಕೊಳೆತ ಕರು ಬರುವುದೂ ನಮ್ಮ ಬಳಿಗೇ. ಹಂದಿ ರಾತ್ರಿ ಬರುತ್ತದೆ. ಬೆಳಗಿನ ಜಾವ ಅದೇ ಗದ್ದೆ ಬದುವಿಗೆ, ಅದೇ ಬ್ಯಾಣಕ್ಕೆ ಹುಲ್ಲು ಕೊಯ್ಯಲು ಹೋಗುವವರು ನೀವು. ಹಾಗಾಗಿ ಯಾವ ಆಯುಧ ಎಂಬ ತೀರ್ಮಾನವನ್ನು ಮನೆಯ ಗಂಡಸರು ಜಗಲಿಯಲ್ಲಿ ಕುಳಿತು ಮಾಡಿದರೂ ಅದರ ಫಲ ಉಣ್ಣುವವರು ನೀವು ಮತ್ತು ನಿಮ್ಮ ಹಸು.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಹಂದಿಯನ್ನು ಕೊಲ್ಲಲೇಬೇಕೆಂದಾದರೆ ಸರಿಯಾದ ಆಯುಧ ಒಂದೇ: ಪರವಾನಗಿ ಇರುವ ಕೋವಿ, ಸರಿಯಾದ ತೋಟೆ, ಗುರಿ ಬಲ್ಲ ಕೈ, ಅದಕ್ಕೂ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಬೇಡ. ಉಂಡೆ, ಉರುಳು, ಕರೆಂಟು, ವಿಷ ಇವನ್ನು ನಾನು ಆಯುಧವೆಂದು ಕರೆಯುವುದಿಲ್ಲ. ಯಾಕೆಂದು ಹೇಳುತ್ತೇನೆ.

ನೋವಿಲ್ಲದ ಸಾವು ಎಂದರೆ

ಪ್ರಾಣಿ ಯಾವುದೇ ಇರಲಿ, ಅದರ ಸಾವನ್ನು ನಾವು ಪಶುವೈದ್ಯರು ಅಳೆಯುವುದು ಒಂದು ಲೆಕ್ಕದಲ್ಲಿ. ಪೆಟ್ಟು ಬಿದ್ದ ಕ್ಷಣದಿಂದ ಅದಕ್ಕೆ ಪ್ರಜ್ಞೆ ತಪ್ಪುವವರೆಗೆ ಎಷ್ಟು ಹೊತ್ತಾಯಿತು? ಮಿದುಳಿಗೆ ಪೆಟ್ಟು ಬಿದ್ದರೆ ಆ ಹೊತ್ತು ಇಲ್ಲವೆಂದೇ ಹೇಳಬೇಕು. ಹೃದಯಕ್ಕೋ ಶ್ವಾಸಕೋಶಕ್ಕೋ ಬಿದ್ದರೆ ಮಿದುಳಿಗೆ ಹೋಗುವ ರಕ್ತ ನಿಂತು ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಕರುಳು ಒಡೆದು, ಒಳಗೆ ಕೀವಾಗಿ, ಒಂದು ದಿನವೋ ಮೂರು ದಿನವೋ ನರಳಿ ಸಾಯುತ್ತದೆ. ಕಾಲಿಗೆ, ದವಡೆಗೆ ಬಿದ್ದರೆ ಹಸಿವಿನಿಂದ, ಹುಳ ಬಿದ್ದು ಸಾಯುತ್ತದೆ. ಅದಕ್ಕೆ ಒಂದು ವಾರವೂ ಹಿಡಿಯಬಹುದು.

ಹಂದಿ ನಮ್ಮ ಬೆಳೆ ತಿಂದಿದೆ ನಿಜ. ಆದರೆ ಹಂದಿಗೂ ದನಕ್ಕೂ ನೋವಿನ ನರಗಳು ಒಂದೇ ಥರ ಕೆಲಸ ಮಾಡುತ್ತವೆ. ಕರು ಹಾಕುವಾಗ ನಿಮ್ಮ ಹಸು ನರಳುವುದನ್ನು ನೋಡಲಾಗದೆ ಮಧ್ಯರಾತ್ರಿ ನಮಗೆ ಫೋನ್ ಮಾಡುವವರು ನೀವು. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಂಡೆ

ಸಿಡಿಮದ್ದಿನ ಉಂಡೆ, ನಾಡಬಾಂಬು, ಹಂದಿ ಉಂಡೆ, ಊರಿಗೊಂದು ಹೆಸರು. ಹಿಟ್ಟು, ಹಿಂಡಿ, ಕೊಬ್ಬು, ಹಣ್ಣು, ಮೀನಿನ ತ್ಯಾಜ್ಯ ಹೀಗೆ ಹಂದಿಗೆ ಇಷ್ಟವಾದುದರ ಒಳಗೆ ಮದ್ದು ಇರುತ್ತದೆ. ಕಚ್ಚಿದಾಗ ಸಿಡಿಯುತ್ತದೆ. ಇದರಿಂದ ಹಂದಿ ಅಲ್ಲೇ ಸಾಯುತ್ತದೆ ಎಂಬ ನಂಬಿಕೆ ಇದೆ. ಹಾಗೇನೂ ಇಲ್ಲ. ಸಿಡಿಯುವುದು ಬಾಯಲ್ಲಿ, ಮಿದುಳಿರುವುದು ಅದರಿಂದ ದೂರ, ಗಟ್ಟಿ ಮೂಳೆಯ ಒಳಗೆ. ಕೆಳದವಡೆ ಪುಡಿಯಾಗುತ್ತದೆ, ನಾಲಿಗೆ ಹರಿಯುತ್ತದೆ, ಪ್ರಾಣಿ ಎಚ್ಚರವಾಗಿಯೇ ಓಡಿ ಕಾಡು ಸೇರುತ್ತದೆ. ನೀವು ಹೆಣ ನೋಡುವುದಿಲ್ಲ, ಅಷ್ಟೇ.

ಇನ್ನು ನಿಮ್ಮ ಹಸು. ಹಸು ಹುಲ್ಲನ್ನು ಮೂಸಿ, ಆರಿಸಿ, ಹಲ್ಲಿನಿಂದ ಕಡಿದು ತಿನ್ನುವುದಿಲ್ಲ. ನಾಲಿಗೆ ಸುತ್ತಿ ಎಳೆದುಕೊಂಡು ನೇರ ದವಡೆ ಹಲ್ಲಿಗೆ ಕೊಡುತ್ತದೆ. ಹುಲ್ಲಿನ ನಡುವೆ ಹಿಂಡಿಯ ವಾಸನೆಯ ಉಂಡೆ ಇದ್ದರೆ ಅದಕ್ಕೆ ಹಬ್ಬ. ದವಡೆಯಲ್ಲಿ ಅಗಿದಾಗ ಸಿಡಿಯುತ್ತದೆ. ಬೆಳಗ್ಗೆ ಎಂಟು ಲೀಟರು ಕೊಟ್ಟ ಹಸು ಸಂಜೆ ತುಟಿ ಜೋತುಬಿಟ್ಟು, ರಕ್ತ ಸುರಿಸುತ್ತಾ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಂದೇ ಕಡೆ ಮೂಳೆ ಮುರಿದಿದ್ದರೆ, ನಾಲಿಗೆ ಉಳಿದಿದ್ದರೆ ತಂತಿ ಹಾಕಿ ಕಟ್ಟಿ, ನಳಿಗೆಯಲ್ಲಿ ಆಹಾರ ಕೊಟ್ಟು ಉಳಿಸಲು ಪ್ರಯತ್ನಿಸುತ್ತೇವೆ. ಎರಡೂ ಕಡೆ ಪುಡಿಯಾಗಿದ್ದರೆ ಉಳಿಸಿಕೊಳ್ಳುವುದು ತೀರಾ ಕಷ್ಟ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ಸೊಂಡಿಲು, ಬಾಯಿ ಮುಳುಗಿಸಿ ನಿಂತೇ ಸತ್ತ ಸುದ್ದಿ ನಿಮಗೆ ನೆನಪಿರಬಹುದು. ಹಂದಿಗೆಂದು ಇಟ್ಟ ಮದ್ದು ಅದರ ಬಾಯಿಗೆ ಹೋಗಿತ್ತು. ಆನೆಯನ್ನೇ ಬಿಡದ್ದು ಹಸುವನ್ನು ಬಿಡುತ್ತದೆಯೇ?

ಇಂಥ ಹಸು ಮನೆಗೆ ಬಂದರೆ ನೀವು ಮಾಡಬೇಕಾದದ್ದು ಸ್ವಲ್ಪ, ಮಾಡಬಾರದ್ದು ಹೆಚ್ಚು. ಬಾಯಿಗೆ ಏನನ್ನೂ ಹೊಯ್ಯಬೇಡಿ. ಗಂಜಿ ಬೇಡ, ಎಣ್ಣೆ ಬೇಡ, ಗೊಟ್ಟದಲ್ಲಿ ನೀರೂ ಬೇಡ. ನುಂಗಲಾಗದ ಹಸುವಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಬಾಯಿ ವಾಸಿಯಾದರೂ ನ್ಯುಮೋನಿಯಾದಿಂದ ಸಾಯುತ್ತದೆ. ತಲೆ ಮೇಲೆತ್ತಿ ಕಟ್ಟಬೇಡಿ. ರಕ್ತ ಗಂಟಲಿಗೆ ಇಳಿಯದೆ ಹೊರಗೆ ಬರಲಿ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಹೊರಗಿನಿಂದ ಒತ್ತಿಹಿಡಿಯಿರಿ. ಗಾಯಕ್ಕೆ ಸುಣ್ಣ, ಕಾಫಿಪುಡಿ ತುಂಬಬೇಡಿ. ಸಂಘದ ಕಾರ್ಯದರ್ಶಿಗೆ ಹೇಳಿ ನಮ್ಮನ್ನು ಕರೆಸಿ, ಇಲ್ಲವೇ ಪಶು ಸಂಜೀವಿನಿ 1962ಕ್ಕೆ ಕರೆ ಮಾಡಿ. ಹಾಲು ಕರೆಯುತ್ತಿರುವ ಹಸುವಾದರೆ ಕೆಚ್ಚಲು ಬಿಗಿಯಲು ಬಿಡಬೇಡಿ, ಕರೆಯಿರಿ. ಆದರೆ ಆ್ಯಂಟಿಬಯೋಟಿಕ್ ಶುರುವಾದ ಮೇಲೆ ನಾವು ಹೇಳುವ ದಿನದವರೆಗೆ ಆ ಹಾಲು ಡೇರಿಗೆ ಬೇಡ.

ಹುಲ್ಲು ಕೊಯ್ಯುವಾಗ ದಾರದಲ್ಲೋ ಬಟ್ಟೆಯಲ್ಲೋ ಸುತ್ತಿದ, ಹಿಟ್ಟು ಮೆತ್ತಿದ ಉಂಡೆ ಕಂಡರೆ ಕತ್ತಿಯಿಂದ ಕೆದಕಬೇಡಿ, ಕಾಲಲ್ಲಿ ಒದೆಯಬೇಡಿ. ದನ, ಮಕ್ಕಳನ್ನು ದೂರ ಕಳಿಸಿ, ಜಾಗಕ್ಕೆ ಗುರುತು ಇಟ್ಟು, ಪೊಲೀಸರಿಗೂ ಅರಣ್ಯ ಇಲಾಖೆಯವರಿಗೂ ತಿಳಿಸಿ. ಅರಣ್ಯ ಸಹಾಯವಾಣಿಯ ಸಂಖ್ಯೆ 1926.

ಉರುಳು, ಕರೆಂಟು, ವಿಷ

ಬೈಕಿನ ಕ್ಲಚ್ ವೈರಿನ ಉರುಳಿಗೆ ಖರ್ಚಿಲ್ಲ, ಸದ್ದಿಲ್ಲ. ಆದರೆ ಅದು ಹಂದಿಯ ಕುತ್ತಿಗೆಗೇ ಬೀಳಬೇಕೆಂದಿಲ್ಲ. ಸೊಂಟಕ್ಕೆ, ಕಾಲಿಗೆ ಬೀಳುತ್ತದೆ. ಎಳೆದಷ್ಟೂ ಚರ್ಮ ಕೊಯ್ಯುತ್ತದೆ. ಚಿರತೆ ಸಿಕ್ಕಿಹಾಕಿಕೊಂಡ ಸುದ್ದಿಗಳು ಆಗಾಗ ಬರುವುದು ಇಂಥ ಉರುಳುಗಳಿಂದಲೇ. ನಿಮ್ಮ ಕರು ಸಿಕ್ಕಿದ್ದರೆ ಎಳೆಯಬೇಡಿ, ತಲೆಗೆ ಬಟ್ಟೆ ಹಾಕಿ ಸುಮ್ಮನಾಗಿಸಿ, ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ. ಕೂದಲಿನ ಕೆಳಗೆ ತಂತಿಯ ಎಳೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಉಳಿದುಬಿಟ್ಟರೆ ಒಂದು ವಾರದಲ್ಲಿ ಗೊರಸಿನವರೆಗೂ ರಕ್ತ ಹೋಗದೆ ಕಾಲು ಕೊಳೆಯುತ್ತದೆ. ಧನುರ್ವಾಯು ಚುಚ್ಚುಮದ್ದು ಹಾಕಿಸಲು ಮರೆಯಬೇಡಿ.

ಪಂಪ್‌ಸೆಟ್ಟಿನ ಲೈನಿನಿಂದ ಬೇಲಿಗೆ ನೇರ ಕರೆಂಟು ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕೊಲೆಗೆ ಸಮ. ತಂತಿಗೆ ತಗುಲಿ ಬಿದ್ದ ಹಸುವನ್ನು ಎಬ್ಬಿಸಲು ಓಡಿಹೋಗಿ ಮುಟ್ಟಿದವರೂ ಸಾಯುತ್ತಾರೆ. ಹಸು ತಂತಿಯ ಪಕ್ಕ ಬಿದ್ದಿದ್ದರೆ, ಕರುಳು ಎಷ್ಟು ಚುರ್ ಎಂದರೂ, ಕರೆಂಟು ನಿಂತದ್ದು ಖಚಿತವಾಗುವವರೆಗೆ ಹತ್ತಿರ ಹೋಗಬೇಡಿ. 1912ಕ್ಕೆ ಕರೆ ಮಾಡಿ. ಸೋಲಾರ್ ಬೇಲಿ, ಅಂದರೆ ನೀವು ಐಬೆಕ್ಸ್ ಎಂದು ಕರೆಯುವುದು, ಬೇರೆಯೇ ಸಂಗತಿ. ಅದರ ಯಂತ್ರ ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು ಮಾತ್ರ ಹೊಡೆತ ಕೊಡುತ್ತದೆ. ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಆ ಯಂತ್ರವಿಲ್ಲದೆ ಅದೇ ತಂತಿಗೆ ಮನೆಯ ಕರೆಂಟು ಸೇರಿಸಿದರೆ ಅದು ಸೋಲಾರ್ ಬೇಲಿಯಲ್ಲ.

ವಿಷದ ಮಾತು. ಬೆಲ್ಲ, ತವುಡಿನಲ್ಲಿ ತಿಮೆಟ್‌ನಂಥ ಹರಳು ಔಷಧ ಕಲಸಿ ಇಡುವವರಿದ್ದಾರೆ. ನಿಷೇಧವಾದ ಮೇಲೂ ಹಳೆಯ ಡಬ್ಬಿಗಳು ಅಟ್ಟದ ಮೇಲೆ ಉಳಿದಿರುತ್ತವೆ. ಹಸು ತಿಂದರೆ ಜೊಲ್ಲು ಸುರಿಯುತ್ತದೆ, ಕಣ್ಣೀರು ಬರುತ್ತದೆ, ನೀರಿನಂತೆ ಸಗಣಿ ಹಾಕುತ್ತದೆ, ಮೈಯ ಮಾಂಸಖಂಡಗಳು ಅದುರುತ್ತವೆ, ಉಸಿರು ಕಷ್ಟವಾಗುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಮದ್ದಿದೆ, ಆದರೆ ಬೇಗ ಬೀಳಬೇಕು. ಡಬ್ಬಿಯೋ ಪ್ಯಾಕೆಟ್ಟೋ ಸಿಕ್ಕರೆ ಎತ್ತಿಟ್ಟು ನಮಗೆ ತೋರಿಸಿ. ಯಾರು ಇಟ್ಟರು ಎಂಬ ಜಗಳ ಆಮೇಲೆ ಇರಲಿ. ಆ ಹಸುವಿನ ಹಾಲನ್ನು ಕರುವಿಗೂ ಕುಡಿಸಬೇಡಿ.

ಕೋವಿಯಲ್ಲಿ ಯಾವುದು?

ಈಗ ಕೋವಿಗೆ ಬರೋಣ. ಕೋವಿ ಎಂದರೆ ಎಲ್ಲವೂ ಒಂದೇ ಅಲ್ಲ. ಇಲ್ಲಿ ಹಂದಿಯ ಮೈಕಟ್ಟು ಸ್ವಲ್ಪ ತಿಳಿದಿರಬೇಕು. ಬಲಿತ ಗಂಡು ಹಂದಿ ನೂರು ಕಿಲೋ ದಾಟುವುದುಂಟು. ಅದರ ಭುಜ, ಪಕ್ಕೆಯ ಮೇಲೆ ಚರ್ಮದ ಕೆಳಗೆ ಗುರಾಣಿಯಂಥ ಗಡಸು ಪದರ ಇರುತ್ತದೆ. ಹಂದಿಗಳು ತಮ್ಮೊಳಗೆ ಕೋರೆಯಿಂದ ಕಾದಾಡುವಾಗ ರಕ್ಷಣೆಗೆಂದು ಬೆಳೆದದ್ದು. ಹೃದಯ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಕೆಳಗೆ ಇದೆ. ಮುಂಗಾಲಿನ ಮೊಣಕೈಯ ಸ್ವಲ್ಪವೇ ಮೇಲೆ, ಅದರ ಹಿಂಬದಿಗೆ ಹೊಂದಿಕೊಂಡಂತೆ. ಬೆನ್ನ ಮೇಲಿನ ಕೂದಲು ನೆಟ್ಟಗೆ ನಿಂತಿರುವುದರಿಂದ ಮೈ ಎತ್ತರವಾಗಿ ಕಾಣುತ್ತದೆ. ಅಂದಾಜಿಗೆ ನಡುಮೈಗೆ ಹೊಡೆದವನ ಗುಂಡು ಬೀಳುವುದು ಹೊಟ್ಟೆಗೆ.

ಹೀಗಿರುವಾಗ ಹಕ್ಕಿ ಹೊಡೆಯುವ ಸಣ್ಣ ಚರೆಯ ತೋಟೆ ಹಂದಿಗೆ ಗಾಯ ಮಾಡುತ್ತದೆ, ಕೊಲ್ಲುವುದಿಲ್ಲ. ಏರ್‌ಗನ್, ಪಾಯಿಂಟ್ ಟೂ ಟೂ ರೈಫಲ್ಲು ಇವುಗಳ ಮಾತೇ ಬೇಡ. ಕೇಪಿನ ಕೋವಿಯೂ ನನ್ನ ಲೆಕ್ಕದಲ್ಲಿ ಸರಿಯಲ್ಲ. ಅಜ್ಜನ ಕಾಲದ ಕೋವಿ ಎಂಬ ಅಭಿಮಾನ ಇರಬಹುದು. ಆದರೆ ಅದರಲ್ಲಿ ಇರುವುದು ಒಂದೇ ಈಡು. ಮದ್ದಿಗೆ ತಂಡಿ ಹಿಡಿದರೆ ಅದೂ ಹಾರುವುದಿಲ್ಲ. ಮೊದಲ ಈಡು ತಪ್ಪಿದರೆ ಮತ್ತೆ ಮದ್ದು ಜಡಿಯುವಷ್ಟರಲ್ಲಿ ಗಾಯದ ಹಂದಿ ಊರಾಚೆಗೆ. ನರಳುವ ಪ್ರಾಣಿಗೆ ಕೂಡಲೇ ಎರಡನೇ ಗುಂಡು ಕೊಡಲಾಗದ ಕೋವಿಯನ್ನು ಕರುಣೆಯ ಆಯುಧ ಎನ್ನುವುದು ಹೇಗೆ? ನಾಯಿ ಛೂ ಬಿಟ್ಟು ಭರ್ಜಿಯಿಂದ ತಿವಿಯುವುದಂತೂ ಹಂದಿಗೂ ನಾಯಿಗೂ ಹಿಂಸೆ.

ಹನ್ನೆರಡು ಬೋರಿನ ಜೋಡಿ ನಳಿಗೆಯ ತೋಟೆ ಕೋವಿ ನಮ್ಮ ಊರುಗಳಲ್ಲಿ ಪರವಾನಗಿಯ ಮೇಲೆ ಇರುವುದು ಉಂಟು. ಅದರಲ್ಲಿ ಒಂಟಿ ಗುಂಡಿನ ತೋಟೆ, ಹತ್ತಿರದಿಂದಾದರೆ ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯ ತೋಟೆ ಹಂದಿಗೆ ತಕ್ಕದ್ದು. ದಪ್ಪ ಚರೆಯೂ ದೂರ ಹೋದಷ್ಟು ಹರಡಿ ಬಲ ಕಳೆದುಕೊಳ್ಳುತ್ತದೆ. 25 ಮೀಟರಿನ ಆಚೆಗೆ ಹೊಡೆಯುವುದು ಗಾಯ ಮಾಡುವುದಕ್ಕೆ ಮಾತ್ರ. ಒಂಟಿ ಗುಂಡು ಅದಕ್ಕಿಂತ ದೂರಕ್ಕೆ ನಿಲ್ಲುತ್ತದೆ, ಆದರೆ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಹೊಡೆಯುವವರು ಹತ್ತಿರದಲ್ಲೇ ಹೊಡೆಯುವುದು ಒಳ್ಳೆಯದು. ದೊಡ್ಡ ರೈಫಲ್ಲಿನ ಗುಂಡು ಹಂದಿಯನ್ನು ಇನ್ನೂ ಖಚಿತವಾಗಿ ಕೊಲ್ಲುತ್ತದೆ. ಆದರೆ ಗುರಿ ತಪ್ಪಿದ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ತೋಟಕ್ಕೊಂದು ಮನೆ ಇರುವ ನಮ್ಮ ಸೀಮೆಗೆ ಅದು ಅಪಾಯ. ಯಾವ ಕೋವಿಯಾದರೂ ಎತ್ತರದ ಮಾಳದಲ್ಲಿ ಕುಳಿತು ಕೆಳಮುಖವಾಗಿ ಹೊಡೆದರೆ ತಪ್ಪಿದ ಗುಂಡು ಮಣ್ಣಿಗೆ ಇಳಿಯುತ್ತದೆ. ಹಂದಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ, ಬರೀ ಕತ್ತಲು ಇದ್ದರೆ ಹೊಡೆಯಬಾರದು. ಆ ಕತ್ತಲಲ್ಲಿ ಯಾರದೋ ಕೊಟ್ಟಿಗೆ ಇರಬಹುದು.

ಯಾವ ಹಂದಿ ಎಂಬುದೂ ಮುಖ್ಯ. ಗುಂಪಿನಲ್ಲಿ ಬರುವುದು ಹೆಣ್ಣು ಹಂದಿಗಳು ಮತ್ತು ಮರಿಗಳು. ಬಲಿತ ಗಂಡು ಹೆಚ್ಚಾಗಿ ಒಂಟಿ. ಗುಂಪಿನ ದೊಡ್ಡ ಹೆಣ್ಣನ್ನು ಹೊಡೆದರೆ ಹಾಲು ಕುಡಿಯುವ ಮೈಗೆರೆಯ ಮರಿಗಳು ಪೊದೆಯಲ್ಲಿ ಹಸಿದು ಸಾಯುತ್ತವೆ. ಕರು ಸಾಕಿದ ನಿಮಗೆ ಅದರ ಅರ್ಥ ಗೊತ್ತು. ಮರಿ ಇರುವ ತಾಯಿಯನ್ನು ಬಿಡಿ ಎಂದು ಕೋವಿಯವರಿಗೆ ಮೊದಲೇ ಹೇಳಿ.

ಕೊನೆಗೆ, ಗಾಯದ ಹಂದಿ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಗಾಯವಾದ ಹಂದಿ ಅಡಗುವುದು ಲಂಟಾನ ಪೊದೆಯಲ್ಲಿ, ಇಲ್ಲವೇ ನಿಮ್ಮ ನೇಪಿಯರ್ ಹುಲ್ಲಿನ ಸಾಲಿನಲ್ಲಿ. ಬೆಳಗ್ಗೆ ಆರಕ್ಕೆ ಕತ್ತಿ ಹಿಡಿದು ಬಗ್ಗಿ ಆ ಸಾಲಿಗೆ ಕೈ ಹಾಕುವವರು ನೀವು. ರಾತ್ರಿ ಈಡಿನ ಸದ್ದು ಕೇಳಿದ್ದರೆ, ಹಂದಿ ಬಿದ್ದಿದೆಯೇ ಇಲ್ಲವೇ ಎಂದು ಕೇಳಿ ತಿಳಿಯದೆ ಆ ಕಡೆ ಹುಲ್ಲಿಗೆ ಹೋಗಬೇಡಿ. ಒಂದು ದಿನ ಒಣಹುಲ್ಲು ಹಾಕಿದರೆ ಹಾಲು ಅರ್ಧ ಲೀಟರು ಕಡಿಮೆಯಾದೀತು, ಆಗಲಿ. ಹೊಡೆದವರೇ ಹಗಲಿನಲ್ಲಿ, ಕೋವಿ ಸಮೇತ ಹುಡುಕಿ ಅದರ ನೋವು ಮುಗಿಸಬೇಕು. ಹಾಗೆ ಮಾಡದೆ ಮನೆಗೆ ಹೋಗಿ ಮಲಗುವವರನ್ನು ಮತ್ತೆ ಕರೆಯಬೇಡಿ. ಕೋರೆ ತಾಗಿದವರಿಗೆ ಗಾಯ ಸಣ್ಣದೆಂದು ಕಂಡರೂ ಒಳಗೆ ಆಳವಾಗಿರುತ್ತದೆ. ಬಟ್ಟೆ ಒತ್ತಿ ಕಟ್ಟಿ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಪರವಾನಗಿ ಒಂದು, ಅನುಮತಿ ಇನ್ನೊಂದು

ಬಹಳ ಮನೆಗಳಲ್ಲಿ ಇರುವ ತಪ್ಪು ತಿಳಿವಳಿಕೆ ಇದು: "ನಮ್ಮಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ, ಹಂದಿ ಹೊಡೆಯಬಹುದು." ಹಾಗಲ್ಲ. ಆ ಪರವಾನಗಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದಲೇ ವಿನಾಯಿತಿ ಇದೆ. ಅವರಿಗೂ ಬೇಟೆಯ ಹಕ್ಕು ಅದರಿಂದ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಅನುಮತಿ ಇಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸಿಡಿಮದ್ದು ಇದ್ದರೆ ಸ್ಫೋಟಕ ವಸ್ತುಗಳ ಕಾಯ್ದೆ ಬೇರೆ.

ಅದೇ ಕಾಯ್ದೆಯ 11ನೇ ಕಲಮಿನಲ್ಲಿ ದಾರಿಯೂ ಇದೆ. ಇಂಥ ಪ್ರಾಣಿ ಮನುಷ್ಯರ ಜೀವಕ್ಕೋ ಆಸ್ತಿಗೋ ಅಪಾಯವಾಗಿದೆ ಎಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು, ಲಿಖಿತ ಅನುಮತಿ ಕೊಡಬಹುದು. ಆಸ್ತಿ ಎಂದರೆ ನಿಂತ ಬೆಳೆಯೂ ಸೇರಿತು ಎಂದು ಕಾಯ್ದೆಯೇ ಹೇಳಿದೆ. ಅರ್ಜಿಯನ್ನು ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಡಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಹಾನಿಯಾದ ಹತ್ತು ಮನೆಯವರು ಸೇರಿ, ಫೋಟೊ, ಪಹಣಿ ಜೊತೆಗೆ ಕೊಟ್ಟರೆ ತೂಕ ಹೆಚ್ಚು. ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಇಂಥ ಅನುಮತಿ ಕೊಡುವ ಅಧಿಕಾರ ನೀಡಲಾಗಿದೆ. ಅಲ್ಲಿ ಕೂಡ ವಿಷ, ಸಿಡಿಮದ್ದು, ಕರೆಂಟು ಬಳಸುವಂತಿಲ್ಲ, ಪರವಾನಗಿ ಇರುವ ಕೋವಿಯೇ ಆಗಬೇಕು. ಮೈಮೇಲೆ ಬಿದ್ದ ಹಂದಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ, ಆದರೆ ಕೂಡಲೇ ತಿಳಿಸಬೇಕು.

ಆದ್ದರಿಂದ ನಿಮ್ಮ ಜಮೀನಿಗೆ ಕೋವಿಯವರು ಬಂದರೆ ಕಾಫಿ ಕೊಡುವ ಮೊದಲು ಮೂರು ಮಾತು ಕೇಳಿ. ಅನುಮತಿ ಪತ್ರ ಎಲ್ಲಿ? ಯಾವ ತೋಟೆ ತಂದಿದ್ದೀರಿ? ಗಾಯವಾದರೆ ಹುಡುಕುವವರು ಯಾರು? ಜಮೀನು ನಿಮ್ಮ ಹೆಸರಿನಲ್ಲಿದ್ದರೆ ಕೇಳುವುದು ನಿಮ್ಮ ಹಕ್ಕು. ಇಲ್ಲದಿದ್ದರೂ ಕೇಳಿ.

ಕೋವಿಗೆ ಮೊದಲು

ಒಂದು ಹಂದಿ ಹೊಡೆದರೆ ಕಾಟ ಮುಗಿಯುವುದಿಲ್ಲ. ಹೆಣ್ಣು ಹಂದಿ ಸುಮಾರು 115 ದಿನಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ನಿಮ್ಮ ಹಸು ಒಂದು ಕರು ಹಾಕುವಷ್ಟರಲ್ಲಿ ಅದು ಗದ್ದೆ ತುಂಬಿಸಿರುತ್ತದೆ. ಅದು ಯಾಕೆ ನಿಮ್ಮಲ್ಲಿಗೇ ಬರುತ್ತದೆ ಎಂದು ನೋಡಬೇಕು.

ನಾವು ಹೈನುಗಾರರು ಬದಲಾಯಿಸಬಹುದಾದ್ದು ಮೇವಿನ ಬೆಳೆ. ಕಾಡಿನಂಚಿನ ಹೊಲಕ್ಕೆ ಮುಸುಕಿನ ಜೋಳ ಹಾಕಿದರೆ ಹಂದಿಗೆ ಪತ್ರ ಬರೆದು ಕರೆದಂತೆ. ಅಂಚಿಗೆ ನೇಪಿಯರ್, ಸಿಒಎಫ್‌ಎಸ್ 29ರಂಥ ಹಲವು ಕಟಾವಿನ ಮೇವಿನ ಜೋಳ ಹಾಕಿ. ತೆನೆಗೆ ಬಿಡದೆ ಕೊಯ್ಯುವುದರಿಂದ ಕಾಳಿನ ಆಸೆ ಇರುವುದಿಲ್ಲ. (ಮೇವಿನ ಜೋಳವನ್ನು ತೀರಾ ಎಳೆಯದರಲ್ಲಿ ಕೊಯ್ಯಬೇಡಿ, ವಿಷವಾಗುತ್ತದೆ. ಮೊದಲ ಕಟಾವು ಎರಡು ತಿಂಗಳು ಕಳೆದ ಮೇಲೆ.) ಮುಸುಕಿನ ಜೋಳವೇ ಬೇಕಾದರೆ ಮನೆಯ ಹತ್ತಿರದ ತುಂಡಿಗೆ ಹಾಕಿ, ಕಾಳು ಹಾಲಿನಿಂದ ಹಿಟ್ಟಿಗೆ ತಿರುಗುವಾಗ ಇಡೀ ಬೆಳೆಯನ್ನು ಒಂದೆರಡು ದಿನದಲ್ಲಿ ಕಡಿದು ರಸಮೇವು ಮಾಡಿಬಿಡಿ. ತಿಂಗಳುಗಟ್ಟಲೆ ಕಾಯುವ ಬದಲು ಹತ್ತು ರಾತ್ರಿ ಕಾದರೆ ಸಾಕು. ಬೇಸಿಗೆಗೆ ಹಸಿ ಮೇವೂ ಆಯಿತು.

ಸೋಲಾರ್ ಬೇಲಿಯ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟೇ ಎತ್ತರ ಇರಲಿ, ಅದರ ಮೇಲೆ ಅಷ್ಟೇ ಅಂತರದಲ್ಲಿ ಇನ್ನೊಂದು. ಹಂದಿ ಮೂತಿಯಿಂದ ನೂಕಿ ನೋಡುವ ಪ್ರಾಣಿ, ಹಾರುವುದಲ್ಲ. ದನಕ್ಕೆಂದು ಎತ್ತರಕ್ಕೆ ಕಟ್ಟಿದ ತಂತಿಯ ಕೆಳಗೆ ಅದು ನುಸುಳುತ್ತದೆ. ತಂತಿಗೆ ಹುಲ್ಲು ತಾಗಿದರೆ ಬೇಲಿ ಸತ್ತಂತೆ, ಹದಿನೈದು ದಿನಕ್ಕೊಮ್ಮೆ ಸವರಬೇಕು. ಹಳೆಯ ಸೀರೆ ಸುತ್ತುವುದು, ಕ್ಷೌರದಂಗಡಿಯ ಕೂದಲು ಚೆಲ್ಲುವುದು ಕೆಲವು ದಿನ ಕೆಲಸ ಮಾಡುತ್ತದೆ. ಆಮೇಲೆ ಹಂದಿ ಕಲಿಯುತ್ತದೆ. ತೆನೆ ಬಲಿಯುವ ಆ ಹತ್ತು ದಿನಕ್ಕೆ ಮಾತ್ರ ಸೀರೆ ಕಟ್ಟಿ, ವರ್ಷವಿಡೀ ಬಿಡಬೇಡಿ.

ಕೊಟ್ಟಿಗೆಯ ಸುತ್ತಲೂ ನೋಡಿ. ಗೊಬ್ಬರ ಗುಂಡಿಯ ಎರೆಹುಳ, ಮರದಡಿ ಕೊಳೆಯುವ ಹಲಸು, ಬಾಯಿ ಕಟ್ಟದ ಹಿಂಡಿ ಚೀಲ, ಎಲ್ಲವೂ ಹಂದಿಗೆ ದಾರಿ ತೋರಿಸುತ್ತವೆ. ಹಸು ಕರು ಹಾಕಿದ ಮೇಲೆ ಬಿದ್ದ ಮಾಸು, ಕೆಲವರು ಸತ್ತೆ ಎನ್ನುತ್ತೀರಿ, ಅದನ್ನು ಬೇಲಿಯಾಚೆ ಎಸೆಯುವ ರೂಢಿ ಇನ್ನೂ ಇದೆ. ಹಂದಿ, ನಾಯಿ ಎರಡೂ ಅದಕ್ಕೆ ಬರುತ್ತವೆ. ಕಂದು ಹಾಕಿದ ಹಸುವಿನದ್ದಾದರೆ ರೋಗವನ್ನೂ ಊರೆಲ್ಲ ಎಳೆದಾಡುತ್ತವೆ. ನಾಲ್ಕಡಿ ಗುಂಡಿ ತೋಡಿ, ಸುಣ್ಣ ಹಾಕಿ, ಮೇಲೆ ಕಲ್ಲು ಹೇರಿ ಹೂಳಿ. ಬರಿಗೈಯಲ್ಲಿ ಮುಟ್ಟಬೇಡಿ.

ಹಂದಿ ಹೊರಳಾಡಿದ ಹೊಂಡದ ನೀರನ್ನು ಹಸುವಿಗೆ ಕುಡಿಸಬೇಡಿ. ಅದರ ಮೂತ್ರದಿಂದ ಇಲಿಜ್ವರದ ರೋಗಾಣು ನೀರಿಗೆ ಸೇರಬಹುದು. ಅದು ಹಸುವಿನಲ್ಲಿ ಕಂದು ಹಾಕಿಸುತ್ತದೆ, ಕಾಲಿನ ಬಿರುಕಿನಿಂದ ನಿಮಗೂ ಹತ್ತುತ್ತದೆ. ಕಾಲುಬಾಯಿ ಜ್ವರ ಹಂದಿಗೂ ಬರುತ್ತದೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಲು ಬಂದಾಗ "ಹಾಲು ಕಡಿಮೆಯಾಗುತ್ತದೆ" ಎಂದು ಹಸುವನ್ನು ಗುಡ್ಡಕ್ಕೆ ಅಟ್ಟಬೇಡಿ.

ಬೆಳೆ ಹಾಳಾಗಿದ್ದರೆ ಪರಿಹಾರಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಹಾಕಬಹುದು. ಉತ್ತು, ಸವರಿ ಹಸನು ಮಾಡುವ ಮೊದಲೇ ಫೋಟೊ ತೆಗೆಯಿರಿ. ಹಸುವಿಗೆ ಗಾಯವಾಗಿದ್ದರೆ, ಸತ್ತಿದ್ದರೆ, ಕಿವಿಯೋಲೆ ಕಾಣುವಂತೆ ಫೋಟೊ ತೆಗೆದು, ಹೂಳುವ ಮುನ್ನ ನಮ್ಮನ್ನು ಕರೆಸಿ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ವಿಮೆಯವರೂ ಕೇಳುವುದಿಲ್ಲ.

ಅನುಮತಿ ಪಡೆದೇ ಹೊಡೆದ ಹಂದಿಯಾದರೂ ಅದರ ಕಳೇಬರ ಸರ್ಕಾರದ ಸ್ವತ್ತು. ಪಾಲು ಕಳಿಸುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಎನ್ನಿ. ಕರುಳು, ರಕ್ತವನ್ನು ತೋಟದ ತೋಡಿಗೆ ಎಸೆಯಲು ಬಿಡಬೇಡಿ, ಅದೇ ತೋಡಿನಿಂದ ಕೊಟ್ಟಿಗೆಗೆ ಪೈಪು ಬಂದಿರುತ್ತದೆ. ಅರಣ್ಯ ಸಿಬ್ಬಂದಿ ಬಂದು ವಿಲೇವಾರಿ ಮಾಡುವವರೆಗೆ ದನಗಳನ್ನು ಆ ಕಡೆ ಬಿಡಬೇಡಿ, ನಾಯಿಯನ್ನು ಕಟ್ಟಿಹಾಕಿ.